ಮಾಗಿಯ ಚಳಿಯೂ ಮನೆಯ ಮೂಕಪ್ರಾಣಿಗಳೂ

ಬಳ್ಳಾರಿಯ ಸೀಮೆಯ ವಿಷಯದಲ್ಲಿ ಒಂದು ಹಳೆಯ ಹಾಸ್ಯವುಂಟು. ಅಲ್ಲಿರುವುದು ಎರಡೇ ಕಾಲಗಳಂತೆ. ಒಂದು ಬೇಸಗೆ, ಮತ್ತೊಂದು ಕಡುಬೇಸಗೆ. ಇಂಥ ಸೀಮೆಯ ಊರೊಂದನ್ನು ಮುಂದಿಟ್ಟುಕೊಂಡು, ಸಾಕುಪ್ರಾಣಿಗಳನ್ನು ಚಳಿಯಿಂದ ಕಾಪಾಡುವ ಮಾತನ್ನೆತ್ತಿದರೆ ಕೇಳುವವರಿಗೆ ನಗೆ ಬಂದೀತು. ಹಿಮಾಲಯದ ತಪ್ಪಲಿನ ಮಾತಾದರೆ ಸರಿ, ವಿಲಾಯತಿಯ ಮಾತಾದರೆ ಸರಿ. ತುಂಗಭದ್ರೆಯ ಬಯಲಿಗೂ ಚಳಿಗೂ ಏನು ಸಂಬಂಧವೆಂದು ಶ್ರೋತೃಗಳು ಕೇಳಬಹುದು. ನಾವೂ ಬಹುಕಾಲ ಹಾಗೆಯೇ ಎಣಿಸಿದ್ದೆವು. ಆ ಎಣಿಕೆ ತಪ್ಪೆಂಬುದು ನಮಗೆ ತಿಳಿದುಬಂದದ್ದು ಪುಸ್ತಕದಿಂದಲ್ಲ. ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ ಕಳೆದ ಮಾರ್ಗಶಿರ ಮಾಸದ ಒಂದು ಬೆಳಗಿನಲ್ಲಿ.

ಆ ಕಡೆಯ ವೀರಗಲ್ಲುಗಳನ್ನು ನೋಡುವ ಉದ್ದೇಶದಿಂದ ಹೋಗಿದ್ದ ನಾವು, ಪರಿಚಿತರೊಬ್ಬರ ಮನೆಯಲ್ಲಿ ರಾತ್ರಿ ತಂಗಿ, ಹೊತ್ತು ಮೂಡುವುದಕ್ಕೆ ಮುನ್ನವೇ ಊರ ಹೊರಗಿನ ಹೊಲಗಳ ಕಡೆಗೆ ಹೊರಟೆವು. ಹಿಂದಿನ ಮಧ್ಯಾಹ್ನ ಅಂಗಿಯೂ ಭಾರವಾಗಿ ತೋರಿದ್ದ ಊರಿನಲ್ಲಿ ಆಗ ಹಲ್ಲು ಕಟಕಟಿಸುತ್ತಿದ್ದವು. ಕೊಯ್ಲಾದ ಹೊಲವೊಂದರಲ್ಲಿ ಗೊಬ್ಬರಕ್ಕಾಗಿ ಕುರಿಮಂದೆಯನ್ನು ನಿಲ್ಲಿಸಿದ್ದರು. ಮಂದೆಯ ಬದಿಯಲ್ಲಿ ಮಗುಚಿಟ್ಟ ಬಿದಿರು ಬುಟ್ಟಿಗಳು. ಅವುಗಳ ಮೇಲೆ ಒಂದು ಕರಿಯ ಕಂಬಳಿ. ಕಂಬಳಿಯ ಒಡೆಯನಾದ ಮುದುಕನು ಬರಿಯ ಅಂಗಿಯ ಮೇಲೊಂದು ವಲ್ಲಿ ಸುತ್ತಿಕೊಂಡು, ಸಣ್ಣ ಬೆಂಕಿಯ ಮುಂದೆ ಮೊಣಕಾಲನ್ನಪ್ಪಿ ಕುಳಿತಿದ್ದನು.

“ಅಜ್ಜಾ, ಇಂಥ ಚಳಿಯಲ್ಲಿ ಕಂಬಳಿಯನ್ನು ಮರಿಗಳಿಗೆ ಹೊದಿಸಿ ನೀವು ಹೀಗೆ ಕುಳಿತಿದ್ದೀರಲ್ಲ?” ಎಂದೆವು.

“ನನಗೇನ್ರಿ ಸ್ವಾಮಿ, ಬೆಂಕಿ ಐತಿ, ಬೀಡಿ ಐತಿ. ಅವಕ್ಕ ಏನೈತಿ?” ಎಂದನು.

“ಹಾಗಾದರೆ ಈ ಸೀಮೆಯ ಚಳಿಗೂ ಮರಿಗಳು ಸಾಯುವುದುಂಟೆ?”

“ಬರೇ ಚಳಿ ಏನೂ ಮಾಡಂಗಿಲ್ರಿ. ಹಸಿ ನೆಲ, ಬೀಸೋ ಗಾಳಿ, ಖಾಲಿ ಹೊಟ್ಟಿ, ಇವು ಕೂಡಿದ್ವು ಅಂದ್ರ ಬೆಳಗಾಗೋದ್ರಾಗ ಮರಿ ಕಟಗಿ ಆಗಿರ್ತೈತಿ.”

ಈ ಎರಡು ಸಾಲಿನ ಮಾತನ್ನು ಪಶುವೈದ್ಯಶಾಸ್ತ್ರವು ಬಹಳ ಪುಟಗಳಲ್ಲಿ ಹೇಳುತ್ತದೆ. ಸಮುದ್ರಕ್ಕೆ ದೂರವಾದ ಬಯಲುಸೀಮೆಯಲ್ಲಿ, ಮೋಡವಿಲ್ಲದ ಮಾಗಿಯ ರಾತ್ರಿಗಳಲ್ಲಿ, ಹಗಲು ನೆಲವು ಹೀರಿದ ಶಾಖವೆಲ್ಲ ಬೇಗನೆ ಆಕಾಶಕ್ಕೆ ಹೋಗಿಬಿಡುತ್ತದೆ. ಆದುದರಿಂದ ಇಲ್ಲಿ ಪ್ರಾಣಿಯನ್ನು ಬಾಧಿಸುವುದು ಚಳಿಯ ಪ್ರಮಾಣಕ್ಕಿಂತಲೂ ಹಗಲಿಗೂ ರಾತ್ರಿಗೂ ಇರುವ ಅಂತರ. ಮೈತುಂಬ ಉಣ್ಣೆಯುಳ್ಳ ಕುರಿಯು ನೀರು ಹೆಪ್ಪುಗಟ್ಟುವಷ್ಟು ಚಳಿಯನ್ನೂ ತಾಳಬಲ್ಲುದು. ಅದೇ ಕುರಿಯ ಉಣ್ಣೆಯನ್ನು ಈಗತಾನೆ ಕತ್ತರಿಸಿದ್ದಾದರೆ, ಗಾಳಿಯ ಶಾಖವು ಸೆಂಟಿಗ್ರೇಡಿನ ಸುಮಾರು 25 ಡಿಗ್ರಿಗಿಂತ ಕೆಳಗಿಳಿದೊಡನೆಯೇ ಅದು ಮೈಯನ್ನು ಬೆಚ್ಚಗಿಟ್ಟುಕೊಳ್ಳುವುದಕ್ಕೆ ತನ್ನ ಮೇವನ್ನೂ ಕೊಬ್ಬನ್ನೂ ಹೆಚ್ಚಾಗಿ ಸುಡಬೇಕಾಗುತ್ತದೆ. ಇಪ್ಪತ್ತೈದು ಡಿಗ್ರಿಯೆಂದರೆ ನಮಗೆ ಹಿತವಾದ ಸಂಜೆ! ನಮ್ಮ ಮೈಯಿಂದ ಪ್ರಾಣಿಯ ಚಳಿಯನ್ನು ಅಳೆಯುವುದು ಎಷ್ಟು ತಪ್ಪೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಸ್ವಾತಿ ವಿಶಾಖೆಗಳ ಮಳೆಯು ಬಂಗಾಳ ಕೊಲ್ಲಿಯ ವಾಯುಭಾರದಿಂದ ಎರಡು ಮೂರು ದಿನ ಜಡಿಹಿಡಿದರೆ, ನೆನೆದ ಉಣ್ಣೆಯು ಬೆಚ್ಚಗಿಡುವ ಗುಣವನ್ನು ಕಳೆದುಕೊಳ್ಳುತ್ತದೆ. ಮೇಲೆ ಗಾಳಿ ಬೀಸಿದರೆ ಮುದುಕನು ಹೇಳಿದ ಲೆಕ್ಕವು ಪೂರ್ತಿಯಾಗುತ್ತದೆ.

ಇತಿಹಾಸವನ್ನು ಕಲಿಸಿ ಹೊಟ್ಟೆ ಹೊರೆಯುವ ನಮಗೆ ಆಗ ಹೊಳೆದ ಪ್ರಶ್ನೆ ಬೇರೆ. ಈ ತಿಳಿವಳಿಕೆ ಈ ನೆಲದಲ್ಲಿ ಎಷ್ಟು ಹಳೆಯದು? ನಮ್ಮ ಶಾಸನಗಳೂ ಗ್ರಂಥಗಳೂ ಇದರ ವಿಷಯದಲ್ಲಿ ಏನನ್ನು ಹೇಳುತ್ತವೆ, ಯಾವ ಪ್ರಾಣಿಯ ವಿಷಯದಲ್ಲಿ ಹೇಳುತ್ತವೆ?

ಬಂಡ್ರಿಯಿಂದ ಬಳ್ಳಾರಿಯ ದಾರಿ ಹಿಡಿದರೆ, ತೋರಣಗಲ್ಲನ್ನು ದಾಟಿ ಕುಡತಿನಿಯೆಂಬ ಊರು ಸಿಕ್ಕುತ್ತದೆ. ಅಲ್ಲಿಯ ಬೂದಿದಿಬ್ಬವು ಪ್ರಾಕ್ತನ ವಿಮರ್ಶಕರಲ್ಲಿ ಬಹು ಪ್ರಸಿದ್ಧವಾದುದು. ಇಂಥ ದಿಬ್ಬಗಳು ಬಳ್ಳಾರಿ, ರಾಯಚೂರು, ಕಲಬುರಗಿಗಳ ಸುತ್ತ ಹಲವು ಇವೆ. ಹಂಪೆಯ ಬಳಿಯ ನಿಂಬಾಪುರದಲ್ಲಿರುವ ಬೂದಿಗುಡ್ಡೆಯನ್ನು ಜನರು ವಾಲಿಯನ್ನು ದಹನಮಾಡಿದ ಸ್ಥಳವೆಂದು ತೋರಿಸುತ್ತಾರೆ. ಇವು ಜ್ವಾಲಾಮುಖಿಯ ಬೂದಿಯೆ, ಕಬ್ಬಿಣ ಕರಗಿಸಿದ ಕಿಟ್ಟವೆ, ಯುದ್ಧದಲ್ಲಿ ಮಡಿದವರ ಚಿತೆಯೆ ಎಂದು ಹಿಂದಿನ ಶತಮಾನಗಳಲ್ಲಿ ಬಹಳ ಚರ್ಚೆ ನಡೆಯಿತು. ಭೂಗರ್ಭಶಾಸ್ತ್ರಜ್ಞರಾದ ರಾಬರ್ಟ್ ಬ್ರೂಸ್ ಫೂಟರು ಇವು ಸಗಣಿಯ ಬೂದಿಯೆಂದು ಗುರುತಿಸಿದರು. ಮುಂದೆ ರೇಮಂಡ್ ಆಲ್ಚಿನ್ನರು ಉಟ್ನೂರಿನಲ್ಲಿ 1957ರಲ್ಲಿ ಅಗೆದು ನೋಡಿ, 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಂಶಯವನ್ನು ಬಹುಮಟ್ಟಿಗೆ ಪರಿಹರಿಸಿದರು. ಬೂದಿಯ ಪದರಗಳ ನಡುವೆ ಬೇಲಿಗೆ ನೆಟ್ಟ ಮರದ ಬೊಡ್ಡೆಗಳ ಕುಳಿಗಳಿದ್ದವು. ದನಗಳ ಗೊರಸಿನ ಗುರುತುಗಳೂ ಇದ್ದವು. ಅಂದರೆ ನಾಲ್ಕೈದು ಸಾವಿರ ವರ್ಷಗಳ ಹಿಂದೆ ಈ ನೆಲದ ಜನರು ದನಗಳನ್ನು ದೊಡ್ಡಿಗಟ್ಟಿ ಕೂಡುತ್ತಿದ್ದರು. ಕೂಡಿಬಿದ್ದ ಸಗಣಿಗೆ ಆಗಾಗ ಬೆಂಕಿಯಿಡುತ್ತಿದ್ದರು.

ಏಕೆ ಬೆಂಕಿಯಿಡುತ್ತಿದ್ದರು? ದನಗಳನ್ನು ಬೆಂಕಿಯ ಮೂಲಕ ಹಾಯಿಸುವ ಋತುಹಬ್ಬಗಳಿಗೂ ಈ ಬೂದಿಗೂ ಸಂಬಂಧವಿರಬಹುದೆಂದು ಆಲ್ಚಿನ್ನರು ಊಹಿಸಿದರು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುವುದನ್ನು ನೋಡಿದವರಿಗೆ ಈ ಊಹೆ ವಿಚಿತ್ರವಾಗಿ ತೋರದು. ಸಂಕ್ರಾಂತಿ ಬರುವುದು ಚಳಿಯ ನಡುವೆ. ಬೆಂಕಿಯನ್ನು ಚಳಿ ಕಾಯಿಸುವುದಕ್ಕಾಗಿಯೇ ಹಾಕಿದರೆಂದು ನಾವು ಸಾಧಿಸಹೊರಟಿಲ್ಲ. ಆದರೆ ಒದ್ದೆಯಾದ ದೊಡ್ಡಿಯ ನೆಲವನ್ನು ಒಣಗಿಸುವುದಕ್ಕೆ, ಉಣ್ಣೆ ನೊಣಗಳನ್ನು ಓಡಿಸುವುದಕ್ಕೆ ಬೆಂಕಿಗಿಂತ ಮೇಲಾದ ಉಪಾಯ ಅಂದಿನವರಿಗೆ ಇರಲಿಲ್ಲ. ಒಣ ನೆಲ, ಸುತ್ತ ಬೇಲಿ. ಬಂಡ್ರಿಯ ಮುದುಕನ ಲೆಕ್ಕದ ಎರಡು ಬಾಬುಗಳು ಕುಡತಿನಿಯ ಬೂದಿಯಲ್ಲಿ ಆಗಲೇ ಕಾಣುತ್ತವೆ.

ಬರೆಹವು ಬಂದ ಮೇಲೆ ಮೊದಲು ಕೇಳಿಸುವ ದನಿ ಅಶೋಕನದು. ಬಳ್ಳಾರಿಗೆ ಪೂರ್ವದಲ್ಲಿ, ಇಂದಿನ ಆಂಧ್ರದಲ್ಲಿರುವ ಯರ್ರಗುಡಿಯ ಬಂಡೆಗಳ ಮೇಲೆ ಅವನ ಹದಿನಾಲ್ಕು ಶಾಸನಗಳೂ ಇವೆ. ಅವುಗಳಲ್ಲಿ ಎರಡನೆಯದು ಮನುಷ್ಯರಿಗೆ ಹೇಗೋ ಹಾಗೆ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು ತಿಳಿಸುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಮಾತಿದು.

ಕನ್ನಡ ಗ್ರಂಥಗಳ ಕಡೆಗೆ ತಿರುಗಿದರೆ ನಮ್ಮ ಹಿರಿಯರು ಈ ವಿಷಯದಲ್ಲಿ ಉದಾಸೀನರಾಗಿರಲಿಲ್ಲವೆಂದು ಸಂತೋಷವಾಗುತ್ತದೆ. ಚಾವುಂಡರಾಯನ ‘ಲೋಕೋಪಕಾರ’ವು 1025ರ ಸುಮಾರಿನದು, ಗೃಹಸ್ಥನಿಗೆ ಬೇಕಾದ ನೂರೆಂಟು ವಿಷಯಗಳ ಜತೆಯಲ್ಲಿ ಪಶುಗಳ ರೋಗಚಿಕಿತ್ಸೆಯೂ ಅದರಲ್ಲಿದೆ. ಕಲ್ಯಾಣದ ಚಾಳುಕ್ಯ ರಾಜಪುತ್ರನಾದ ಕೀರ್ತಿವರ್ಮನು ‘ಗೋವೈದ್ಯ’ವನ್ನೇ ಬರೆದನು. ಅರಮನೆಯಲ್ಲಿ ಹುಟ್ಟಿದವನು, ಆರನೆಯ ವಿಕ್ರಮಾದಿತ್ಯನ ತಮ್ಮ, ದನದ ಕೊಟ್ಟಿಗೆಯ ವಿಷಯವಾಗಿ ಕನ್ನಡದಲ್ಲಿ ಗ್ರಂಥ ರಚಿಸಿದನೆಂಬುದು ಸಣ್ಣ ಮಾತಲ್ಲ. ಅದರಲ್ಲಿ ಮದ್ದೂ ಇದೆ, ಮಂತ್ರವೂ ಇದೆ. ಮಂತ್ರವನ್ನು ನೋಡಿ ನಕ್ಕು ಮದ್ದನ್ನೂ ಎಸೆದುಬಿಡುವುದು ನಮ್ಮ ಕಾಲದ ಪಂಡಿತರ ಆತುರ. ಅದೇ ವಂಶದ ಮೂರನೆಯ ಸೋಮೇಶ್ವರನು 1129ರಲ್ಲಿ ಮುಗಿಸಿದ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಆನೆ ಕುದುರೆಗಳಿಗೆ ಮಾತ್ರವಲ್ಲದೆ ನಾಯಿಗಳಿಗೂ ಸ್ಥಳವುಂಟು, ನಾನಾ ದೇಶದ ನಾಯಿಗಳ ಲಕ್ಷಣಗಳನ್ನು ಅರಸನು ಆಸಕ್ತಿಯಿಂದ ಹೇಳುತ್ತಾನೆ. 1400ರ ಸುಮಾರಿನಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನು ಕನ್ನಡಿಸಿದನು. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಚಾಮರಾಜ ಒಡೆಯರ ಆಶ್ರಯದಲ್ಲಿ ಪದ್ಮಣ ಪಂಡಿತನು ‘ಹಯಸಾರಸಮುಚ್ಚಯ’ವನ್ನು ರಚಿಸಿದನು.

ಈ ಪಟ್ಟಿಯನ್ನು ಸ್ವಲ್ಪ ನಿಂತು ನೋಡಬೇಕು. ಆನೆ, ಕುದುರೆ, ಹಸು, ಬೇಟೆಯ ನಾಯಿ. ಕುರಿ ಎಲ್ಲಿ? ಆಡು ಎಲ್ಲಿ? ಕೋಳಿ ಎಲ್ಲಿ? ಶಾಸ್ತ್ರವು ಬೆಲೆಬಾಳುವ ಪ್ರಾಣಿಯ ಹಿಂದೆ ನಡೆಯಿತು. ಕಂಬಳಿಯನ್ನು ಕೊಡುವ ಪ್ರಾಣಿಗೆ ಗ್ರಂಥವಿಲ್ಲ. ಅದರ ಶಾಸ್ತ್ರವೆಲ್ಲ ಕುರುಬನ ಬಾಯಲ್ಲಿ ಉಳಿಯಿತು.

ಬೆಲೆಯ ಮಾತು ಬಂದುದರಿಂದ ವಿಜಯನಗರದ ಕುದುರೆಗಳ ಕಡೆಗೆ ಬರೋಣ. ಬಂಡ್ರಿಯವರಿಗೆ ಹಂಪೆ ದೂರವಲ್ಲ. ಪೋರ್ಚುಗೀಸ್ ವರ್ತಕನಾದ ನ್ಯೂನಿಜನು, ರಾಯನು ವರ್ಷಕ್ಕೆ 13,000 ಕುದುರೆಗಳನ್ನು, ಆರ್ಮುಜಿನವನ್ನೂ ನಾಡತಳಿಯವನ್ನೂ ಕೊಳ್ಳುತ್ತಿದ್ದನೆಂದು ಬರೆದಿದ್ದಾನೆ. ಸಾಳುವ ನರಸಿಂಹನ ಕಾಲದ ವಿಷಯವಾಗಿ ಅವನು ಹೇಳುವುದು ಇನ್ನೂ ಸ್ವಾರಸ್ಯವಾಗಿದೆ: ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದೊಪ್ಪಿಸಿದರೂ ಅರಸನು ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಬಾಲಕ್ಕೆ ಹಣ ಕೊಟ್ಟ ರಾಜ್ಯವು ಬದುಕಿ ಬಂದ ಕುದುರೆಯನ್ನು ಹೇಗೆ ನೋಡಿಕೊಂಡೀತು! ಅದಕ್ಕೆ ಎರಡು ಶತಮಾನ ಮೊದಲು, ತಮಿಳು ಕರಾವಳಿಯನ್ನು ಕಂಡ ಮಾರ್ಕೋಪೋಲೋ ಇದಕ್ಕೆ ವಿರುದ್ಧವಾದ ಚಿತ್ರವನ್ನು ಕೊಡುತ್ತಾನೆ. ಅರಬೀ ಕುದುರೆಗಳು ಅಲ್ಲಿ ವರ್ಷ ತುಂಬುವುದರೊಳಗೆ ಬಹುಪಾಲು ಸಾಯುತ್ತಿದ್ದವು. ಕಾರಣವೆಂದರೆ ಅವುಗಳನ್ನು ನೋಡಿಕೊಳ್ಳಬಲ್ಲವರಿಲ್ಲದಿದ್ದುದು ಮತ್ತು ಒಗ್ಗದ ಆಹಾರ. ಅನ್ನದೊಡನೆ ಬೇಯಿಸಿದ ಮಾಂಸವನ್ನು ಅವಕ್ಕೆ ತಿನ್ನಿಸುತ್ತಿದ್ದರಂತೆ. ಪ್ರೀತಿಗೆ ಕೊರತೆಯಿರಲಿಲ್ಲ, ತಿಳಿವಳಿಕೆಗೆ ಇತ್ತು. ಇಂದು ಪಟ್ಟಣದ ಮನೆಗಳಲ್ಲಿ ನಾಯಿಗೆ ಪಾಯಸವನ್ನಿಕ್ಕುವ ತಾಯಂದಿರನ್ನು ಕಂಡಾಗ ನಮಗೆ ಮಾರ್ಕೋಪೋಲೋವಿನ ನೆನಪಾಗುತ್ತದೆ.

1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕನು ಅರಮನೆಯ ಆನೆಗಳನ್ನು ಕಂಡು ಬೆರಗಾದನು. ಒಂದೊಂದು ಆನೆಗೂ ಬೇರೆ ಬೇರೆ ಅಂಕಣ, ಬಲವಾದ ಗೋಡೆ, ಮೇಲೆ ಗಟ್ಟಿಮರದ ಮಾಡು. ಮೇವೆಂದರೆ ಕಿಚಡಿ: ಕಡಾಯಿಯಿಂದ ತೆಗೆದು, ಉಪ್ಪು ಸಕ್ಕರೆಗಳನ್ನು ಬೆರೆಸಿ, ಉಂಡೆಕಟ್ಟಿ ಬೆಣ್ಣೆಯಲ್ಲಿ ಅದ್ದಿ ಬಾಯಿಗಿಡುತ್ತಿದ್ದರು; ಇವುಗಳಲ್ಲಿ ಒಂದು ತಪ್ಪಿದರೂ ಆನೆಯು ಮಾವಟಿಗನ ಮೇಲೆ ಏರಿಹೋಗುತ್ತಿತ್ತಂತೆ. ಹಂಪೆಯಲ್ಲಿ ಇಂದು ಆನೆಲಾಯವೆಂದು ತೋರಿಸುವ ಹನ್ನೊಂದು ಗುಮ್ಮಟದ ಅಂಕಣಗಳಲ್ಲಿ ಸಂಜೆಯ ಹೊತ್ತು ನಿಂತು ನೋಡಬೇಕು. ಹಗಲಿನ ಬಿಸಿಲನ್ನು ಕುಡಿದ ಆ ದಪ್ಪಗೋಡೆ ರಾತ್ರಿ ಬಹಳ ಹೊತ್ತಿನವರೆಗೆ ಕೈಗೆ ಬೆಚ್ಚಗಿರುತ್ತದೆ. ಒಣ ನೆಲ, ಗಾಳಿಗೆ ಮರೆ, ತುಂಬಿದ ಹೊಟ್ಟೆ, ಮೂರೂ ಇಲ್ಲಿ ರಾಜವೈಭವದೊಡನೆ ಬಂದಿವೆ.

ನಾಯಿಯ ವಿಷಯಕ್ಕೆ ಬಂದರೆ ಕನ್ನಡನಾಡಿನಲ್ಲಿ ಒಂದು ಅಪೂರ್ವವಾದ ಕಲ್ಲುಂಟು. 949ರಲ್ಲಿ ತಕ್ಕೋಲದ ಯುದ್ಧ ನಡೆಯಿತು. ಚೋಳ ರಾಜಾದಿತ್ಯನು ಮಡಿದ ಆ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗನು ‘ಬೇಕಾದುದನ್ನು ಬೇಡು’ ಎಂದನು. ಅವನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಬೇಡಿದನು. ಬೆಳತೂರ ಬೆಟ್ಟದಲ್ಲಿ ಆ ನಾಯಿಯೂ ಒಂದು ಮಹಾವರಾಹವೂ ಹೋರಾಡಿ ಎರಡೂ ಸತ್ತವು. ಇಂದಿನ ಮಂಡ್ಯ ಜಿಲ್ಲೆಗೆ ಸೇರಿದ ಆತಕೂರಿನ ಚೆಲ್ಲೇಶ್ವರ ದೇವಾಲಯದ ಮುಂದೆ ಅದಕ್ಕಾಗಿ ಕಲ್ಲು ನಿಲ್ಲಿಸಿ, ಕಲ್ಲಿನ ಪೂಜೆಗೆ ಭೂಮಿಯನ್ನು ಬಿಟ್ಟರು. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ನಾಯಿಯೂ ಹಂದಿಯೂ ಅದರ ಮೇಲೆ ಕೆತ್ತಲ್ಪಟ್ಟಿವೆ. ವಿದ್ಯಾರ್ಥಿಗಳಿಗೆ ಅದನ್ನು ತೋರಿಸಿದಾಗ ಒಬ್ಬ ಹುಡುಗಿ ಕೇಳಿದಳು: “ಸಾರ್, ಕಾಳಿ ರಾತ್ರಿ ಎಲ್ಲಿ ಮಲಗುತ್ತಿತ್ತು?” ತರಗತಿಯು ನಕ್ಕಿತು, ನಾವೂ ನಕ್ಕೆವು. ಆಮೇಲೆ ಯೋಚಿಸಿದರೆ ಅದು ನಗುವ ಪ್ರಶ್ನೆಯಲ್ಲ. ಶಾಸನವು ಪ್ರಾಣಿಯ ಸಾವನ್ನು ಬರೆಯುತ್ತದೆ. ಅದರ ರಾತ್ರಿಗಳನ್ನು ಬರೆಯುವುದಿಲ್ಲ.

ಕಾಳಿಯಂಥ ಬೇಟೆನಾಯಿಗಳ ಮಾತಿಗೆ ಮುಧೋಳದ ತಳಿ ಸಹಜವಾಗಿಯೇ ನೆನಪಾಗುತ್ತದೆ. ಮುಧೋಳದ ಅರಸರೂ ಸಂಡೂರಿನ ಅರಸರೂ ಘೋರ್ಪಡೆಯೆಂಬ ಒಂದೇ ಮನೆತನದ ಹೆಸರಿನವರು. ಆ ನಾಯಿಯ ಕೀರ್ತಿಯು 2005ರಲ್ಲಿ ಅಂಚೆಚೀಟಿಯನ್ನೂ ಏರಿತು. ನೀಳವಾದ ಕಾಲು, ಅಂಟಿಕೊಂಡ ಹೊಟ್ಟೆ, ತೆಳುವಾದ ಚರ್ಮ, ಗಿಡ್ಡ ಕೂದಲು. ಓಟಕ್ಕೆ ಇವೆಲ್ಲ ಭೂಷಣ. ಚಳಿಗೆ ಮಾತ್ರ ಇವೇ ಕೊರತೆ. ಮೈಮೇಲೆ ಕೊಬ್ಬಿಲ್ಲದ ಇಂಥ ನಾಯಿಗೆ ಮಾಗಿಯಲ್ಲಿ ಹೊದಿಕೆಯನ್ನು ಹಾಕುವುದು ಶ್ರೀಮಂತರ ಷೋಕಿಯಲ್ಲ. ಇನ್ನು ಕುರುಬರಿಗೆ ನಾಯಿಯೆಂದರೆ ಮೈಲಾರಲಿಂಗನ ಸಂಗಾತಿ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯಗಳು ಕರಿಯ ಕಂಬಳಿಯ ನಿಲುವಂಗಿ ತೊಟ್ಟು, ನಾಯಿಗಳಂತೆ ಬೊಗಳಿ, ದೋಣಿಯಲ್ಲಿ ಇಕ್ಕಿದುದನ್ನು ಉಣ್ಣುತ್ತಾರೆ. ಅದು ವಿಕಾರವೆಂದು ಪಟ್ಟಣದವರಿಗೆ ತೋರಬಹುದು. ಮಂದೆ ಕಾಯುವ ನಾಯಿಗೆ ತಾನು ಋಣಿಯೆಂದು ಒಂದು ಸಮುದಾಯವು ದೇವರೆದುರಿನಲ್ಲಿ ಒಪ್ಪಿಕೊಳ್ಳುವ ರೀತಿಯೆಂದು ನಮಗೆ ತೋರುತ್ತದೆ.

ಸರ್ಕಾರವೇ ಚಳಿಗಾಲವನ್ನು ಲೆಕ್ಕಕ್ಕೆ ತೆಗೆದುಕೊಂಡ ನಿದರ್ಶನವು ಮೈಸೂರು ಸಂಸ್ಥಾನದಲ್ಲಿ ಸಿಕ್ಕುತ್ತದೆ. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯೇ ಟೀಪುವಿನ ಕಾಲಕ್ಕೆ ಅಮೃತಮಹಲೆಂಬ ಹೆಸರು ಪಡೆಯಿತು. ಆ ಇಲಾಖೆಯ ಕಾವಲುಗಳನ್ನು ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ಋತುವಿಗೆ ತಕ್ಕಂತೆ ದನಗಳನ್ನು ನಡೆಯಿಸಿಕೊಂಡು ಹೋಗುತ್ತಿದ್ದರು. ಚಳಿಯನ್ನು ಔಷಧದಿಂದಲ್ಲ, ನೆಲದ ಆಯ್ಕೆಯಿಂದ ಎದುರಿಸಿದ ಕ್ರಮ ಇದು. ನಮ್ಮ ಇತಿಹಾಸದ ಪಠ್ಯಗಳಲ್ಲಿ ಅಮೃತಮಹಲಿನ ಎತ್ತುಗಳು ಫಿರಂಗಿಗಳನ್ನು ಎಳೆದುದು ಮಾತ್ರ ಬರುತ್ತದೆ.

ಇದಕ್ಕೆ ವಿರುದ್ಧವಾದ ದೃಶ್ಯವನ್ನು ಬಳ್ಳಾರಿ ಜಿಲ್ಲೆಯೇ ಕಂಡಿತು. 1876ರಿಂದ 1878ರವರೆಗಿನ ಕ್ಷಾಮವನ್ನು ಹಿರಿಯರು ಧಾತು ಈಶ್ವರದ ಬರವೆಂದು ಕರೆಯುತ್ತಿದ್ದರು. ಮದರಾಸು ಆಧಿಪತ್ಯದಲ್ಲಿ ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಸೊಪ್ಪೆಯಿಲ್ಲದೆ, ಹೊಟ್ಟಿಲ್ಲದೆ ದನಗಳು ರಾಶಿರಾಶಿಯಾಗಿ ಬಿದ್ದವು. ಹೊಟ್ಟೆಗೂ ಚಳಿಗೂ ಇರುವ ನಂಟನ್ನು ಇಲ್ಲಿ ಹೇಳಬೇಕು. ಮೆಲುಕುಹಾಕುವ ಪ್ರಾಣಿಯ ಹೊಟ್ಟೆಯೇ ಅದರ ಒಲೆ. ಒಣ ಸೊಪ್ಪೆ, ಹುಲ್ಲು, ರವದಿಗಳು ಅದರೊಳಗೆ ಹುಳಿತು ಜೀರ್ಣವಾಗುವಾಗ ಬಹಳ ಶಾಖವು ಹುಟ್ಟುತ್ತದೆ. ಆದುದರಿಂದ ಮಾಗಿಯ ಸಂಜೆ ಗೋದಲಿಯನ್ನು ತುಂಬಿ ಮಲಗುವ ರೈತನು ತನ್ನ ಎತ್ತಿನ ಹೊಟ್ಟೆಯಲ್ಲಿ ಬೆಳಗಿನವರೆಗೆ ಉರಿಯುವ ಬೆಂಕಿಯನ್ನು ಹೊತ್ತಿಸಿಯೇ ಮಲಗುತ್ತಾನೆ. ಹೇಮಂತದಲ್ಲಿ ಜಠರಾಗ್ನಿಯು ಪ್ರಬಲವೆಂದು ಆಯುರ್ವೇದವು ಮನುಷ್ಯರಿಗೆ ಹೇಳಿದ ಮಾತು ಎತ್ತಿಗೂ ಚೆನ್ನಾಗಿ ಒಪ್ಪುತ್ತದೆ. ಈಗತಾನೆ ಹುಟ್ಟಿದ ಕುರಿಮರಿಗೆ ಈ ಒಲೆ ಇನ್ನೂ ಹೊತ್ತಿರುವುದಿಲ್ಲ. ಮೈಯೊರಸಿ ಒಣಗಿಸಿ, ಮೊದಲ ಕೆಲವು ಗಂಟೆಗಳೊಳಗೆ ತಾಯಿಯ ಗಿಣ್ಣುಹಾಲನ್ನು ಕುಡಿಸಿದರೆ ಅದಕ್ಕೆ ಶಾಖವೂ ರೋಗವನ್ನು ತಡೆಯುವ ಶಕ್ತಿಯೂ ಒಟ್ಟಿಗೆ ದೊರೆಯುತ್ತವೆ. ಅದಕ್ಕಾಗಿಯೇ ಆ ಬುಟ್ಟಿ, ಆ ಕಂಬಳಿ.

ಕಂಬಳಿಯ ವಿಷಯವಾಗಿ ಒಂದು ಮಾತು. ಬಳ್ಳಾರಿಯ ಹೆಸರನ್ನೇ ಹೊತ್ತ ಕುರಿಯ ತಳಿಯೊಂದುಂಟು. ಅದರ ಉಣ್ಣೆ ಒರಟು. ಗಿರಣಿಯವರಿಗೆ ಅದು ಬೇಡ. ಆದರೆ ಆ ಒರಟು ಉಣ್ಣೆಯನ್ನು ನೂತು, ಕುಣಿಮಗ್ಗದಲ್ಲಿ ನೆಯ್ದು, ಹುಣಿಸೆಬೀಜದ ಗಂಜಿಯನ್ನು ಕೊಟ್ಟರೆ ಸಣ್ಣ ಮಳೆಯು ಒಳಕ್ಕಿಳಿಯದ ಬಿಗಿಯಾದ ಕಂಬಳಿಯಾಗುತ್ತದೆ. ಕೊಪ್ಪೆ ಹಾಕಿಕೊಂಡರೆ ಅದೇ ಕೊಡೆ, ಬಿಚ್ಚಿದರೆ ಹಾಸಿಗೆ, ಮಗುಚಿದ ಬುಟ್ಟಿಯ ಮೇಲೆ ಹಾಕಿದರೆ ಮರಿಗಳಿಗೆ ಮನೆ. ಇಷ್ಟು ಕೆಲಸವನ್ನು ಒಂದು ಬಟ್ಟೆ ಮಾಡುವುದನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಇಷ್ಟರವರೆಗೆ ಹಳ್ಳಿಯ ಮಾತಾಯಿತು. ಪಟ್ಟಣದ ಶ್ರೋತೃಗಳು ತಮ್ಮ ಮನೆಯ ಪ್ರಾಣಿ ಬಂಡ್ರಿಯ ಕುರಿಗಿಂತ ಸುಖವಾಗಿದೆಯೆಂದು ನಂಬಿರಬಹುದು. ನಮ್ಮ ಅಭಿಪ್ರಾಯದಲ್ಲಿ ಅನೇಕ ಮನೆಗಳಲ್ಲಿ ಹಾಗಿಲ್ಲ. ಹಳೆಯ ಮನೆಯಲ್ಲಿ ಸಗಣಿ ಸಾರಿಸಿದ ಮಣ್ಣಿನ ನೆಲವಿತ್ತು, ಅಡಿ ಬೆಚ್ಚಗಿತ್ತು. ಬಚ್ಚಲಲ್ಲಿ ಹಂಡೆಯ ಒಲೆಯಿತ್ತು, ಅಡಿಗೆಮನೆಯಲ್ಲಿ ಕಟ್ಟಿಗೆಯ ಒಲೆಯಿತ್ತು. ರಾತ್ರಿ ಬೆಕ್ಕು ಬೂದಿಯ ಮಗ್ಗುಲಲ್ಲಿ ಮಲಗಿ ಬೆಳಗ್ಗೆ ಬೂದಿಬಣ್ಣವಾಗಿ ಏಳುತ್ತಿತ್ತು. ಅನಿಲದ ಒಲೆ ಬಂದು ಬೂದಿ ಹೋಯಿತು. ನುಣುಪು ಕಲ್ಲು ಬಂದು ಮಣ್ಣು ಹೋಯಿತು. ಮನುಷ್ಯರಿಗೆ ಇದರಿಂದ ಅನುಕೂಲವಾಯಿತು, ಸಂದೇಹವಿಲ್ಲ. ಬೆಕ್ಕು ಮಾತ್ರ ಈಗ ಶಾಖವನ್ನು ಹುಡುಕುತ್ತ ಆಗತಾನೆ ನಿಂತ ಮೋಟಾರಿನ ಯಂತ್ರದೊಳಕ್ಕೆ ಸೇರುತ್ತದೆ. ಚಳಿಗಾಲದ ಬೆಳಗ್ಗೆ ಗಾಡಿಯನ್ನು ಹೊರಡಿಸುವ ಮೊದಲು ಅದರ ಮುಚ್ಚಳವನ್ನು ಎರಡು ಸಲ ತಟ್ಟುವುದು ಒಳ್ಳೆಯದು.

ನಮ್ಮ ಮನೆಯಲ್ಲಿ ಹನ್ನೊಂದು ವರ್ಷವಿದ್ದ ನಾಯಿಯೊಂದರ ಹೆಸರು ಕರಿಯ. ಅದಕ್ಕೆ ಊಟಕ್ಕೆ ಕಡಮೆಮಾಡಿದವರಲ್ಲ ನಾವು. ಅದರ ಸ್ಥಳ ಮುಂದಿನ ಜಗಲಿ; ನೆಲ ಹೊಸದಾಗಿ ಹಾಸಿದ ಕಲ್ಲು. ಒಂದು ಪುಷ್ಯ ಮಾಸದ ಭಾನುವಾರ ಸಂಜೆ, ಬಿಡುವಿತ್ತೆಂದು ಅದಕ್ಕೆ ಸ್ನಾನಮಾಡಿಸಿ, ಸರಿಯಾಗಿ ಒರಸದೆ ಜಗಲಿಯಲ್ಲಿ ಕಟ್ಟಿದೆವು. ಮೂರನೆಯ ದಿನ ಕೆಮ್ಮು, ಐದನೆಯ ದಿನ ಉಬ್ಬಸ. ಪಶುವೈದ್ಯರು ಬಂದು ಎದೆಗೆ ನಳಿಗೆಯಿಟ್ಟು ನೋಡಿ, ಪುಪ್ಪುಸದ ಉರಿಯೂತವೆಂದರು. ಹೋಗುವಾಗ ಚಪ್ಪಲಿ ಮೆಟ್ಟುತ್ತ, “ಈ ಕಲ್ಲಿನ ಮೇಲೆ ನೀವು ಒಂದು ರಾತ್ರಿ ಬರಿಮೈಯಲ್ಲಿ ಮಲಗಿ ನೋಡಿ” ಎಂದರು. ಕರಿಯ ಉಳಿಯಲಿಲ್ಲ. ಬಂಡ್ರಿಯ ಮುದುಕನು ‘ಹಸಿ ನೆಲ’ವೆಂದಾಗ ನಮಗೆ ಕೂಡಲೆ ಉತ್ತರ ಹೊಳೆಯದೆ ಸುಮ್ಮನೆ ನಿಂತುದಕ್ಕೆ ಇದೇ ಕಾರಣ.

ಆದುದರಿಂದ ಕೆಲವು ವಿಷಯಗಳನ್ನು ಅನುಭವದಿಂದಲೂ ಬಲ್ಲವರ ಮಾತಿನಿಂದಲೂ ಹೇಳುತ್ತೇವೆ. ನಾಯಿಯ ಸಹಜವಾದ ಮೈಶಾಖವು 38ರಿಂದ 39 ಡಿಗ್ರಿಯಷ್ಟು; ತಣ್ಣನೆಯ ಕಲ್ಲು ಅದನ್ನು ರಾತ್ರಿಯೆಲ್ಲ ಹೀರುತ್ತಿರುತ್ತದೆ. ನಾಲ್ಕು ಬೆರಳೆತ್ತರದ ಒಂದು ಹಲಗೆ, ಅದರ ಮೇಲೆ ಒಣಗಿದ ಗೋಣಿ ಅಥವಾ ಕಂಬಳಿ, ಮೂಡಗಾಳಿಗೆ ಒಂದು ತಡಿಕೆ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಹಾಸು ಒದ್ದೆಯಾದರೆ ಹಾಸಿಲ್ಲದಿದ್ದುದಕ್ಕಿಂತ ಕೇಡು. ದಿನವೂ ಬಿಸಿಲಿಗೆ ಹಾಕಬೇಕು. ಸ್ನಾನವನ್ನು ಹೊತ್ತೇರಿದ ಮೇಲೆ ಬಿಸಿಲಿನಲ್ಲಿ ಮಾಡಿಸಿ, ಕೂದಲಿನ ಬುಡದವರೆಗೆ ಒರಸಬೇಕು. ಹೊರಗೆ ಇರುವ ಪ್ರಾಣಿಗೆ ರಾತ್ರಿಯ ಊಟವನ್ನು ಸ್ವಲ್ಪ ಹೆಚ್ಚಿಸಬೇಕು. ಕಟ್ಟಿದ ಹಸುವಿಗೆ ಮುಸುರೆಯನ್ನು ಉಗುರುಬೆಚ್ಚಗೆ ಕೊಡಬೇಕು. ಮುದಿಪ್ರಾಣಿಯ ಕೀಲುನೋವು ಮಾಗಿಯಲ್ಲಿ ಹೆಚ್ಚುತ್ತದೆ; ಅದು ಏಳಲು ತಡಮಾಡಿದರೆ ಸೋಮಾರಿತನವೆಂದು ಗದರಿಸಬಾರದು. ಮನುಷ್ಯರ ನೋವಿನ ಗುಳಿಗೆಯನ್ನು ಅದಕ್ಕೆ ಎಂದಿಗೂ ಕೊಡಕೂಡದು. ಬೆಕ್ಕಿಗಂತೂ ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಒಂದೇ ಒಂದು ಗುಳಿಗೆಯಾದರೂ ಪ್ರಾಣಾಂತಿಕ.

ಇವೆಲ್ಲಕ್ಕಿಂತ ಮುಖ್ಯವಾದುದು ಬೆಂಕಿಯ ಮಾತು. ಕುರುಬನ ಬೆಂಕಿ ಬಯಲಿನದು. ಹೊಗೆ ಆಕಾಶಕ್ಕೆ ಹೋಗುತ್ತದೆ. ಅದನ್ನು ನೋಡಿ ಪಟ್ಟಣದವರು ಕಿಟಕಿಯಿಲ್ಲದ ಕೊಟ್ಟಿಗೆಯಲ್ಲೋ, ಬಾಗಿಲು ಮುಚ್ಚಿದ ಕೋಣೆಯಲ್ಲೋ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟರೆ ಕೆಂಡದಿಂದ ಹುಟ್ಟುವ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ವಿಷವಾಯುವು ಮೊದಲು ಪಂಜರದ ಹಕ್ಕಿಯನ್ನು, ಆಮೇಲೆ ನಾಯಿಯನ್ನು, ಕೊನೆಗೆ ಮನೆಯವರನ್ನೂ ನಿದ್ರೆಯಲ್ಲಿಯೇ ಕೊಲ್ಲಬಲ್ಲುದು. ಪಂಜರದ ಹಕ್ಕಿಯೆಂದಾಗ ಗಿಳಿಯನ್ನು ನೆನೆದವರಿಗೆ ಇನ್ನೊಂದು ಮಾತು: 1972ರ ವನ್ಯಜೀವಿ ಸಂರಕ್ಷಣೆಯ ಕಾನೂನು ಬಂದ ಮೇಲೆ ನಮ್ಮ ನಾಡಗಿಳಿಯನ್ನು ಸಾಕುವುದು ಅಪರಾಧ. ಅದರ ಚಳಿಯನ್ನು ಅದೇ ನೋಡಿಕೊಳ್ಳುವಂತೆ ಬಿಡಬೇಕು. ನಾಯಿಯ ಪರವಾಗಿಯೂ ಕಾನೂನುಂಟು. ಸಾಕಿದ ಪ್ರಾಣಿಗೆ ತಕ್ಕಷ್ಟು ಆಹಾರ, ನೀರು, ಆಸರೆಗಳನ್ನು ಒದಗಿಸದಿರುವುದೂ, ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದೂ 1960ರ ಪ್ರಾಣಿಹಿಂಸೆ ತಡೆಯ ಶಾಸನದ 11ನೆಯ ಕಲಮಿನಂತೆ ದಂಡನಾರ್ಹ. ಅಶೋಕನು ಬಂಡೆಯ ಮೇಲೆ ಬರೆಯಿಸಿದಷ್ಟು ಎದ್ದು ಕಾಣುವಂತೆ ಇದನ್ನು ಯಾರೂ ಬರೆಯಿಸಿಲ್ಲವಾದುದರಿಂದ ಬಹುಜನರಿಗೆ ತಿಳಿಯದು.

ಬಂಡ್ರಿಯಿಂದ ಹಿಂದಿರುಗುವಾಗ ದಾರಿಯ ಸಂತೆಯಲ್ಲಿ ಒಂದು ಒರಟು ಕಂಬಳಿಯನ್ನು ಕೊಂಡುತಂದೆವು. ಅದೇ ತಿಂಗಳು ಬೀದಿಯ ಮರಿಯೊಂದು ನಮ್ಮ ಗೇಟಿನೊಳಕ್ಕೆ ನುಗ್ಗಿ ಬಂದು, ಹೊರಕ್ಕೆ ಹೋಗಲೊಪ್ಪಲಿಲ್ಲ. ಜಗಲಿಯಲ್ಲಿ ಹಲಗೆಯನ್ನು ಹಾಕಿ ಅದರ ಮೇಲೆ ಕಂಬಳಿಯನ್ನು ಹಾಸಿದ್ದೇವೆ. ಹುಣಿಸೆಬೀಜದ ಗಂಜಿಯ ರುಚಿಗೋ ಏನೋ, ಮರಿಯು ಹಗಲೆಲ್ಲ ಅದರ ಅಂಚನ್ನು ಅಗಿಯುತ್ತಿರುತ್ತದೆ. ಒಂದು ಮೂಲೆ ಆಗಲೇ ಮುಗಿದಿದೆ. ರಾತ್ರಿ ಹತ್ತು ಹೊಡೆದ ಮೇಲೆ ಅದರ ಮೇಲೆಯೇ ಸುರುಳಿ ಸುತ್ತಿಕೊಂಡು, ಮೂತಿಯನ್ನು ಬಾಲದೊಳಗಿಟ್ಟು ಮಲಗುತ್ತದೆ.